ಗಂಟು ಹಾಕದ ಹೊಲಿಗೆ

ಸ್ಮರಾಂಡಾಳ ಕೈಚೀಲದಲ್ಲಿ ಯಾವಾಗಲೂ ನಾಲ್ಕು ವಸ್ತುಗಳಿರುತ್ತಿದ್ದವು: ಕಾಗದದ ಪಟ್ಟಿಗಳ ಒಂದು ಕಟ್ಟು, ಗೋಂದಿನ ಡಬ್ಬಿ, ಗುಂಡು ಮೊಹರು, ಮಧ್ಯಾಹ್ನಕ್ಕೆಂದು ಒಂದು ಸೇಬು. ಪಟ್ಟಿಯ ಅರ್ಧವನ್ನು ಬಾಗಿಲಿಗೆ, ಇನ್ನರ್ಧವನ್ನು ಚೌಕಟ್ಟಿಗೆ ಅಂಟಿಸಿ, ಮೇಲೆ ಸಹಿ ಮಾಡಿ ಮೊಹರು ಒತ್ತಿದರೆ ಆ ಮನೆ ಮುಚ್ಚಿದ ಹಾಗೆ. ಉಗುರಿನಿಂದ ಕೆರೆದರೂ ಹರಿದುಹೋಗುವ ಕಾಗದ ಅದು. ಆದರೆ ಕಾರಿನ ಮೇಲೆ ಕಾರು ಕೊಂಡ ಧಣಿಗಳೂ ಅದರ ಮುಂದೆ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರು. ಸರ್ಕಾರ ಅನ್ನುವುದು ಎಲ್ಲಿದೆ ಅಂತ ಯಾರಾದರೂ ಕೇಳಿದರೆ, ಬೇರೆ ಕಡೆಯದು ಗೊತ್ತಿಲ್ಲ, ನಮ್ಮ ಗಡಿಯ ಪ್ರುತ್ ನದಿಯ ಈಚೆ ದಡದಲ್ಲಿ ಅದು ಸ್ಮರಾಂಡಾಳ ಚೀಲದಲ್ಲಿ ಸೇಬಿನ ಪಕ್ಕ ಇರುತ್ತಿತ್ತು.

ಈಕೆ ಹುಟ್ಟಾ ಅಧಿಕಾರಿಯೇನಲ್ಲ. ಹದಿನಾಲ್ಕು ವರ್ಷ ನಮ್ಮೂರ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರು, ತೋಳಿನ ಪಟ್ಟಿ ಹೊಲಿದವಳು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಕಾರ್ಖಾನೆಯ ಬಾಗಿಲಿಗೆ ಇಂಥದೇ ಒಂದು ಪಟ್ಟಿ ಅಂಟಿಸಿತ್ತು. ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿದಳಂತೆ. ಅವಳ ಯಂತ್ರದ ಸೂಜಿಯ ಕೆಳಗೆ ಹಿಂದಿನ ದಿನ ಅರ್ಧ ಹೊಲಿದ ಕೋಟಿನ ತೋಳು ಹಾಗೇ ಬಿದ್ದಿತ್ತು. ಆಮೇಲೆ ಅಂಚೆಯಲ್ಲಿ ಪಾಠ ತರಿಸಿ ಓದಿ, ನಲವತ್ತರ ಹತ್ತಿರ ಪರೀಕ್ಷೆ ಪಾಸು ಮಾಡಿ, ಜಿಲ್ಲೆಯ ತಪಾಸಣೆ ಕಚೇರಿಗೆ ಸೇರಿದಳು. ವೃದ್ಧಾಶ್ರಮ, ಅನಾಥಾಲಯ, ಅಂಗವಿಕಲರ ವಸತಿ, ಇಂಥವನ್ನು ಸುತ್ತಿ ನೋಡುವ ಕೆಲಸ. ಕತ್ತರಿ ಬಿಟ್ಟು ಮೊಹರು ಹಿಡಿದಳು ಅಂತ ಹಳೆಯ ಗೆಳತಿಯರು ಕಾಲೆಳೆದರು. ಆದರೆ ದರ್ಜಿಯ ಕಣ್ಣು ಎಲ್ಲಿಗೆ ಹೋಗುತ್ತದೆ? ಎದುರಿಗೆ ಮಂತ್ರಿಯೇ ಬಂದರೂ ಅವಳು ಮೊದಲು ಅವನ ಕಾಲರಿನ ಹೊಲಿಗೆ ನೋಡಿ ಆಮೇಲೆ ಮುಖ ನೋಡುತ್ತಿದ್ದಳು.

ಕಾನೂನು ಅವಳ ಕೈಗೆ ಎರಡು ಆಯುಧ ಕೊಟ್ಟಿತ್ತು. ಒಂದು ನೋಟೀಸು: ಇಂತಿಂಥದು ಸರಿಯಿಲ್ಲ, ಮೂವತ್ತು ದಿನದಲ್ಲಿ ಸರಿಪಡಿಸಿ. ಇನ್ನೊಂದು ಆ ಪಟ್ಟಿ: ಒಳಗಿರುವವರ ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಯಾವ ನ್ಯಾಯಾಧೀಶರನ್ನೂ ಕೇಳದೆ ಅವತ್ತೇ, ಅಲ್ಲೇ ಮುಚ್ಚಬಹುದು. ಕೋರ್ಟು ಕಚೇರಿ ಎಲ್ಲ ಆಮೇಲೆ. ಅಷ್ಟು ದೊಡ್ಡ ಮಾತನ್ನು ಒಂದೂವರೆ ಸಾಲಿನಲ್ಲಿ ಬರೆದಿದ್ದಾರೆ. ಸ್ಮರಾಂಡಾಳಿಗೆ ಆ ಒಂದೂವರೆ ಸಾಲು ಬಾಯಿಪಾಠ. ಆದರೆ ಅದನ್ನು ಅವಳು ಬಳಸಿದ್ದು ಒಂದೇ ಸಲ, ಬಳಸಿ ಕೈ ಸುಟ್ಟುಕೊಂಡಿದ್ದಳು.

ಆ ಸಲ ಅವಳು ಮುಚ್ಚಿದ ಆಶ್ರಮದಲ್ಲಿ ಹತ್ತೊಂಬತ್ತು ಮುದುಕರಿದ್ದರು. ಛಾವಣಿ ಬೀಳುವ ಹಾಗಿತ್ತು, ಮುಚ್ಚಿದ್ದು ಸರಿಯೇ. ಸಂಜೆಯೊಳಗೆ ಅವರನ್ನು ನಾಲ್ಕು ದಿಕ್ಕಿಗೆ, ಎಲ್ಲಿ ಮಂಚ ಖಾಲಿಯಿತ್ತೋ ಅಲ್ಲಿಗೆ ಸಾಗಿಸಿದರು. ಅವರಲ್ಲಿ ಇಲಾರಿಯೊನ್ ಅಂತ ಒಬ್ಬ ತಾತ, ಜೇನು ಸಾಕಿದವನು. ಪಕ್ಕದ ಮಂಚದ ಗೆಳೆಯನ ಕೈ ಹಿಡಿದುಕೊಂಡೇ ಮಲಗುವುದು ಅವನ ರೂಢಿ. ಯಾರ ಕೈ ಯಾರು ಹಿಡಿಯುತ್ತಾರೆ ಅಂತ ಬರೆದುಕೊಳ್ಳಲು ಯಾವ ಫಾರಂನಲ್ಲೂ ಜಾಗವಿಲ್ಲ. ಇಬ್ಬರೂ ಬೇರೆ ಬೇರೆ ಜಿಲ್ಲೆ ಸೇರಿದರು. ಇನ್ನು ಎಲ್ಲ ಸರಿಹೋಗುತ್ತೆ ತಾತಾ ಅಂತ ಅವನ ಕೋಟಿನ ಗುಂಡಿ ಹಾಕಿ ವ್ಯಾನು ಹತ್ತಿಸಿದವಳು ಇವಳೇ. ಹದಿನೇಳನೇ ದಿನ ಅವನು ಸತ್ತ. ಕಾಯಿಲೆ ಏನೂ ಇರಲಿಲ್ಲ.

ಅಲ್ಲಿಂದ ನಾಲ್ಕು ವರ್ಷ ಅವಳು ನೋಟೀಸುಗಳನ್ನಷ್ಟೇ ಬರೆದಳು. ಸ್ಮರಾಂಡಾ ಬಹಳ ತಾಳ್ಮೆಯವಳು ಅಂತ ಕಚೇರಿಯಲ್ಲಿ ಹೊಗಳುತ್ತಿದ್ದರು. ಅದು ತಾಳ್ಮೆಯಲ್ಲ, ಹೆದರಿಕೆ ಅಂತ ಅವಳೊಬ್ಬಳಿಗೆ ಗೊತ್ತಿತ್ತು. ಪಟ್ಟಿಯ ಕಟ್ಟು ಚೀಲದಲ್ಲಿ ಇದ್ದಲ್ಲೇ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು.

ಕ್ರಿವೆಷ್ಟಿ ಹಳ್ಳಿಯ ಹಸಿರು ಗೇಟಿನ ಮನೆ ಅವಳ ಪಾಲಿಗೆ ಬಂದದ್ದು ಆ ಕಾಲದಲ್ಲೇ. ರಾಜಧಾನಿಯಿಂದ ಬಂದ ಕಾರ್ಮೆನ್ ಎಂಬಾಕೆ ಹಳೆಯ ಎರಡಂತಸ್ತಿನ ಮನೆ ಹಿಡಿದು, ಮುಂದೆ ಗುಲಾಬಿ ನೆಟ್ಟು, ವೃದ್ಧಾಶ್ರಮ ನಡೆಸುತ್ತಿದ್ದಳು. ಹನ್ನೊಂದು ಜನ ಮುದುಕರು. ಅವರ ಮಕ್ಕಳೆಲ್ಲ ಇಟಲಿಯಲ್ಲೋ ಸ್ಪೇನಿನಲ್ಲೋ ಬೇರೆಯವರ ಮುದುಕರನ್ನು ನೋಡಿಕೊಳ್ಳುತ್ತ ಇದ್ದರು. ಮೊದಲ ಭೇಟಿಯಲ್ಲಿ ಸ್ಮರಾಂಡಾ ಹಿಂದಿನ ಕೋಣೆಗಳ ಬಾಗಿಲಿಗೆ ಹೊರಗಿನಿಂದ ಚಿಲಕ ಇರುವುದನ್ನು ಕಂಡಳು. ನೋಟೀಸು ಕೊಟ್ಟಳು. ಎರಡನೆಯ ಭೇಟಿಯಲ್ಲಿ ಒಬ್ಬ ಮುದುಕನ ಮಣಿಕಟ್ಟಿನ ಸುತ್ತ ಹಗ್ಗ ಬಿಗಿದ ಗುರುತು ಕಂಡಳು. ಅವತ್ತೇ ಮುಚ್ಚಬೇಕಿತ್ತು. ಚೀಲದೊಳಗೆ ಕೈ ಹಾಕಿದ್ದೂ ಹಾಕಿದಳು. ಕೈಗೆ ಪಟ್ಟಿ ತಗುಲಿದ ಕೂಡಲೇ ಇಲಾರಿಯೊನ್ ತಾತನ ಗುಂಡಿ ನೆನಪಾಗಿ, ಸೇಬು ತೆಗೆದುಕೊಂಡು ಹೊರಗೆ ಬಂದಳು. ಮತ್ತೆ ಮೂವತ್ತು ದಿನದ ಗಡುವು.

ಮುದುಕರನ್ನು ಕೇಳಿದರೆ ಎಲ್ಲರದೂ ಒಂದೇ ಪಾಠ: ಚೆನ್ನಾಗಿದ್ದೀವಿ, ದೇವರ ದಯೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿದರೂ ಅದೇ. ಅವಳ ಹತ್ತಿರ ಎರಡು ನಿಮಿಷ ಹೆಚ್ಚು ನಿಂತವರ ಕಂಬಳಿ ಅವತ್ತು ಸಂಜೆ ಮಾಯವಾಗುತ್ತಿತ್ತು ಅನ್ನುವುದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

ಆ ಎರಡನೆಯ ಭೇಟಿಯಲ್ಲೇ ಕಿಟಕಿಯ ಪಕ್ಕ ಕುಳಿತಿದ್ದ ಅಗ್ಲಾಯಜ್ಜಿ, ಒಂದು ಕಾಲಕ್ಕೆ ಸುತ್ತೂರಿಗೆಲ್ಲ ಸೂಲಗಿತ್ತಿಯಾಗಿದ್ದವಳು, ಸ್ಮರಾಂಡಾಳ ಕೋಟಿನ ಅಂಚು ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡಿದಳು.

"ಇದು ಅಂಗಡೀದಲ್ಲ."

"ಅಲ್ಲ ಅಜ್ಜಿ, ನಾನೇ ಹೊಲ್ಕೊಂಡಿದ್ದು. ಮೊದ್ಲು ಕಾರ್ಖಾನೇಲಿದ್ದೆ."

"ಹಂಗಾದ್ರೆ ನಿಂಗೆ ಕಣ್ಣಿದೆ," ಅಂದಳು ಅಜ್ಜಿ. ಅಷ್ಟರಲ್ಲಿ ಕಾರ್ಮೆನ್ ಔಷಧದ ಕಪಾಟು ತೋರಿಸಲು ಕರೆದಳು. ಮಾತು ಅಲ್ಲಿಗೇ ನಿಂತಿತು.

ಮೂರನೆಯ ಭೇಟಿ ಮಾರ್ಚಿನಲ್ಲಿ. ಗಡುವು ಮುಗಿದಿತ್ತು. ಕಚೇರಿಯ ವ್ಯಾನು ಓಡಿಸುವ ನೆಕುಲಾಯ್ ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದ. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಆಸಾಮಿ, ನಾಲಿಗೆಗೆ ಹಿಡಿತ ಇಲ್ಲ.

"ಮೇಡಮ್ಮೋರೆ, ನಾವು ಬರ್ತೀವಿ ಅಂತ ಆ ಯಮ್ಮಂಗೆ ಆಗ್ಲೇ ಗೊತ್ತಾಗಿರುತ್ತೆ. ಯಾರೋ ಪುಣ್ಯಾತ್ಮರು ಫೋನ್ ಮಾಡಿರ್ತಾರೆ. ನೆಲ ಒರೆಸಿ, ಕೋಳಿ ಸಾರು ಮಾಡಿರ್ತಾಳೆ ನೋಡ್ತಿರಿ."

"ಸಾರು ಮಾಡಿದ್ರೆ ಒಳ್ಳೇದೇ ಅಲ್ವಾ ನೆಕುಲಾಯಣ್ಣ. ಅವ್ರಿಗೂ ಒಂದು ದಿನ ಸಿಗುತ್ತೆ."

"ಹಂಗಾದ್ರೆ ದಿನಾ ಬರೋಣ. ನಿಮ್ಮ ನೋಟೀಸಿಗಿಂತ ಅದೇ ವಾಸಿ."

ಅವನ ಮಾತು ಮುಳ್ಳಿನ ಹಾಗೆ ಚುಚ್ಚಿತು. ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು.

ಹಸಿರು ಗೇಟು ದಾಟಿದರೆ ನಿಜವಾಗಲೂ ಕೋಳಿ ಸಾರಿನ ಘಮ. ಮೆಟ್ಟಿಲು ಒರೆಸಿತ್ತು. ಕಾರ್ಮೆನ್ ಹೊಸದಾಗಿ ತಲೆ ಬಾಚಿಸಿಕೊಂಡು ಬಂದು ಎರಡೂ ಕೈ ಹಿಡಿದುಕೊಂಡಳು. "ಬನ್ನಿ ಬನ್ನಿ ಮೇಡಂ. ನೀವು ಹೇಳಿದ್ದೆಲ್ಲ ಮಾಡಿದ್ದೀವಿ. ನೀವೇ ನೋಡಿ, ಚಿಲಕ ಎಲ್ಲಿದೆ?" ಚಿಲಕ ಇರಲಿಲ್ಲ. ಸ್ಕ್ರೂ ಇದ್ದ ತೂತುಗಳಿಗೆ ಸೋಪು ತುಂಬಿ ಮೇಲೆ ಬಣ್ಣ ಬಳಿದಿದ್ದರು. ಸ್ಮರಾಂಡಾ ಬೆರಳಿಟ್ಟಳು, ಸೋಪು ಇನ್ನೂ ಮೆತ್ತಗಿತ್ತು. ತೂತು ಮುಚ್ಚುವುದು ಅಪರಾಧವಲ್ಲ. ಅವಳು ಊಟದ ಕೋಣೆಗೆ ನಡೆದಳು.

ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಅದರ ಸುತ್ತ ಹನ್ನೊಂದು ಜನ ನೆಟ್ಟಗೆ ಕುಳಿತಿದ್ದರು. ಏಳು ಹೆಂಗಸರು, ನಾಲ್ವರು ಗಂಡಸರು. ಎಲ್ಲರೂ ಹೊಸ ಬಟ್ಟೆ ತೊಟ್ಟಿದ್ದರು. ಹೆಂಗಸರು ಬಿಳಿ ರವಿಕೆ, ಕಪ್ಪು ಲಂಗ, ತಲೆಗೆ ಕಪ್ಪು ವಸ್ತ್ರ. ಗಂಡಸರು ಕಪ್ಪು ಸೂಟು, ಕತ್ತಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿ.

"ನೋಡಿ ಹೇಗೆ ಮದುಮಕ್ಕಳ ಥರ ಕೂತಿದಾರೆ," ಅಂದಳು ಕಾರ್ಮೆನ್. "ಶುಭ್ರವಾಗಿ ಬಟ್ಟೆ ಹಾಕ್ಕೊಳ್ಳಿ ಅಂದೆ. ಅವರವರ ಬಟ್ಟೆ ಗಂಟಿನಲ್ಲೇ ಇಂಥ ಚೆಂದದ ಬಟ್ಟೆ ಇತ್ತು ಮೇಡಂ. ಹೊಸದಾಗಿ ಮಡಿಚಿಟ್ಟು ಏನು ಮಾಡ್ತಾರೋ."

ಸ್ಮರಾಂಡಾ ಬಾಗಿಲಲ್ಲೇ ನಿಂತಳು. ಮೊದಲು ಕಂಡದ್ದು ಮಡಿಕೆಯ ಗೆರೆಗಳು. ರವಿಕೆಯ ಎದೆಯ ಮೇಲೆ, ಕೋಟಿನ ಬೆನ್ನಿನ ಮೇಲೆ, ವರ್ಷಾನುಗಟ್ಟಲೆ ಮಡಿಚಿಟ್ಟ ಬಟ್ಟೆಗೆ ಬೀಳುವ, ಎಷ್ಟು ಕೊಡವಿದರೂ ಹೋಗದ ಗೆರೆಗಳು. ಆಮೇಲೆ ವಾಸನೆ ಬಂತು. ಕೋಳಿ ಸಾರಿನ ಘಮದ ಕೆಳಗೆ ಒಣ ತುಳಸಿಯ ವಾಸನೆ. ಆಮೇಲೆ ಮೇಜಿನ ಕೆಳಗೆ ಕಣ್ಣು ಹೋಯಿತು. ಇಪ್ಪತ್ತೆರಡು ಕಾಲುಗಳಲ್ಲಿ ಅಟ್ಟೆಗೆ ಮಣ್ಣೇ ತಾಗದ ಹೊಸ ಚಪ್ಪಲಿ, ಹೊಸ ಬೂಟು.

"ಬಾ ಮಗಳೇ," ಅಂದಳು ಅಗ್ಲಾಯಜ್ಜಿ. ತನ್ನ ಬಲಗೈ ಚಾಚಿದಳು. "ನೀನು ದರ್ಜಿ ಅಂದಿದ್ದೆಯಲ್ಲ. ನನ್ನ ಹೊಲಿಗೆ ಹೆಂಗಿದೆ ಹೇಳು."

ಸ್ಮರಾಂಡಾ ಹತ್ತಿರ ಹೋಗಿ ತೋಳಿನ ಪಟ್ಟಿಯನ್ನು ಒಳಮಗ್ಗುಲಿಗೆ ತಿರುಗಿಸಿದಳು. ಸಣ್ಣ, ಒತ್ತೊತ್ತಾದ, ಸಾಲು ತಪ್ಪದ ಹೊಲಿಗೆ. ಕೊನೆಯಲ್ಲಿ ದಾರದ ತುದಿ ಹಾಗೇ ಬಿಟ್ಟಿತ್ತು. ಗಂಟು ಇರಲಿಲ್ಲ.

ನಮ್ಮ ಕಡೆ ಅರವತ್ತು ದಾಟಿದ ಯಾರ ಪೆಟ್ಟಿಗೆ ತೆರೆದರೂ ತಳದಲ್ಲಿ ಒಂದು ಗಂಟು ಇರುತ್ತದೆ. ಮಣ್ಣಿಗೆ ಹೋಗುವಾಗ ಉಡಿಸಬೇಕಾದ ಬಟ್ಟೆ. ಹೆಂಗಸರು ತಾವೇ ಹೊಲಿದುಕೊಳ್ಳುತ್ತಾರೆ, ಗಂಡಸರಿಗೆ ಹೆಂಡತಿ ಹೊಲಿದಿಡುತ್ತಾಳೆ. ಮಧ್ಯೆ ತುಳಸಿ ಇಟ್ಟು, ವರ್ಷಕ್ಕೊಂದು ಸಲ ಬಿಸಿಲಿಗೆ ಹಾಕಿ, ನೆರೆಹೊರೆಯವರಿಗೆ ಹೆಮ್ಮೆಯಿಂದ ತೋರಿಸಿ ಮತ್ತೆ ಮಡಿಚಿಡುತ್ತಾರೆ. ಅದಕ್ಕೆ ದಾರದ ತುದಿಯಲ್ಲಿ ಗಂಟು ಹಾಕುವುದಿಲ್ಲ. ಹೋಗುವ ಜೀವ ಸಿಕ್ಕಿಹಾಕಿಕೊಳ್ಳಬಾರದು. ಬದುಕಿದ್ದಾಗ ಅದನ್ನು ತೊಡುವ ಹಾಗೂ ಇಲ್ಲ. ಒಂದು ಸಲ ಮೈಬೆವರು ತಾಗಿದರೆ ಅದು ಬರೀ ಬಟ್ಟೆ, ಸಾವಿಗೆ ಬಾರದು. ಮನೆ, ಹೊಲ, ಹಸು ಎಲ್ಲ ಬಿಟ್ಟು ಆಶ್ರಮಕ್ಕೆ ಬರುವವರು ಅದೊಂದನ್ನು ಮಾತ್ರ ಕಂಕುಳಲ್ಲಿ ಅವಚಿಕೊಂಡು ಬರುತ್ತಾರೆ. ರಾಜಧಾನಿಯ ಕಾರ್ಮೆನ್‌ಗೆ ಇದು ಗೊತ್ತಿರಲಿಲ್ಲ. ಅವಳ ಕಡೆ ಅದೆಲ್ಲ ಶವಪೆಟ್ಟಿಗೆಯ ಅಂಗಡಿಯವನ ಲೆಕ್ಕಕ್ಕೆ ಸೇರಿದ್ದು.

ಸ್ಮರಾಂಡಾ ಪಕ್ಕದವಳ ತೋಳು ತಿರುಗಿಸಿದಳು. ಗಂಟಿಲ್ಲ. ಅದರ ಪಕ್ಕದವಳದು. ಗಂಟಿಲ್ಲ. ಗಂಡಸರಲ್ಲಿ ಮೊದಲಿಗೆ ಕುಳಿತಿದ್ದ ಗವ್ರಿಲ ತಾತನ ಅಂಗಿಯ ಅಂಚು. ಗಂಟಿಲ್ಲ. ಮೇಜಿನ ಸುತ್ತ ಒಂದು ಸುತ್ತು ಬಂದಳು. ಹನ್ನೊಂದು ಜನ ಒಬ್ಬರ ನಂತರ ಒಬ್ಬರು ತೋಳು ಚಾಚಿದರು. ಯಾರ ಕಣ್ಣಲ್ಲೂ ನೀರಿರಲಿಲ್ಲ. ಶಾಲೆಯಲ್ಲಿ ಉಗುರು ತೋರಿಸುವ ಮಕ್ಕಳ ಹಾಗೆ ಕೈ ಮುಂದೆ ಮಾಡಿ ಕುಳಿತಿದ್ದರು. ಬಾಯಿಬಿಟ್ಟರೆ ಕಂಬಳಿ ಹೋಗುತ್ತದೆ ಅಂತ ಗೊತ್ತಿದ್ದವರು ಬಾಯಿ ಬಿಡದೆ, ತಮ್ಮ ಹತ್ತಿರ ಉಳಿದಿದ್ದ ಒಂದೇ ಒಂದು ಆಸ್ತಿಯನ್ನು ಮೈಮೇಲೆ ಹಾಕಿಕೊಂಡು, ಹೇಳಬೇಕಾದ್ದನ್ನು ಹೇಳಿಬಿಟ್ಟಿದ್ದರು. ಸ್ಮರಾಂಡಾಳ ಮೈಯ ರೋಮ ರೋಮ ಎದ್ದು ನಿಂತಿತು. ದೊಡ್ಡ ಚರ್ಚಿನಲ್ಲಿ, ಹಬ್ಬದ ದಿನ ಸಾವಿರ ಜನ ಒಟ್ಟಿಗೆ ಮಂಡಿಯೂರಿದಾಗಲೂ ಅವಳಿಗೆ ಹಾಗೆ ಆಗಿರಲಿಲ್ಲ.

"ತುಂಬ ಚೆನ್ನಾಗಿ ಹೊಲಿದಿದ್ದೀರ," ಅಂದಳು.

"ಅಲ್ವಾ ಮತ್ತೆ," ಅಂದಳು ಕಾರ್ಮೆನ್. "ಸಾರು ಬಡಿಸ್ಲಾ?"

"ಬಡಿಸಿ. ಎಲ್ರಿಗೂ ಹೊಟ್ಟೆ ತುಂಬ ಬಡಿಸಿ. ಅಜ್ಜಿ, ನೀವು ಒಂದು ನಿಮಿಷ ನನ್ನ ಜೊತೆ ಬನ್ನಿ."

ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಅಗ್ಲಾಯಜ್ಜಿ ಮಗುಚಿದ ಬಕೆಟ್ಟಿನ ಮೇಲೆ ಕುಳಿತಳು. ಸ್ಮರಾಂಡಾ ಅವಳ ಮುಂದೆ ನೆಲದ ಮೇಲೆ ಕುಳಿತಳು.

"ಅಜ್ಜಿ, ನಾನು ಇದನ್ನ ಮುಚ್ಚಬಹುದು. ಇವತ್ತೇ. ಆದ್ರೆ ಹನ್ನೊಂದು ಜನಾನ ಒಟ್ಟಿಗೆ ಇಡೋಕೆ ನನ್ನ ಹತ್ರ ಜಾಗ ಇಲ್ಲ. ಚೆಲ್ಲಾಪಿಲ್ಲಿ ಮಾಡ್ತಾರೆ. ಹಿಂದೆ ಒಂದ್ಸಲ ಹಂಗೆ ಮಾಡಿ ಒಬ್ಬರನ್ನ ಕೊಂದುಬಿಟ್ಟೆ ನಾನು."

ಈ ಮಾತನ್ನು ಅವಳು ಅಲ್ಲಿಯವರೆಗೆ ಯಾರ ಹತ್ತಿರವೂ ಆಡಿರಲಿಲ್ಲ.

"ಸೂಲಗಿತ್ತಿ ಕೈಯಲ್ಲೂ ಮಕ್ಕಳು ಸಾಯ್ತವೆ ಮಗಳೇ. ನನ್ನ ಕೈಯಲ್ಲಿ ಆರು ಹೋದ್ವು. ಆರರ ಹೆಸರೂ ನನಗೆ ಗೊತ್ತು. ಏಳನೇ ಮನೆಯವರು ಬಂದು ಬಾಗಿಲು ಬಡಿದಾಗ ನಾನು ಬರಲ್ಲ ಅನ್ನೋಕಾಗುತ್ತಾ?"

"ನೀವು ಬೇರೆ ಬೇರೆ ಆದ್ರೆ?"

"ನಾವೇನು ಯೋಚ್ನೆ ಮಾಡ್ದೆ ಕೂತಿದ್ದೀವಾ? ಒಂದು ವಾರ ಇದೇ ಮಾತು. ಗವ್ರಿಲ ಒಪ್ಪಲೇ ಇಲ್ಲ. ನಂಗಿರೋದು ಒಂದೇ ಸೂಟು, ನನ್ನ ಹೆಂಡ್ತಿ ಕಣ್ಣು ಮಂಜಾಗಿದ್ರೂ ಹೊಲಿದಿಟ್ಟು ಹೋದ್ಲು, ಅದನ್ನ ತೊಟ್ಟು ಹಾಳು ಮಾಡಲ್ಲ ಅಂದ. ಅತ್ತ ಕೂಡ. ಇವತ್ತು ಬೆಳಿಗ್ಗೆ ನೋಡಿದ್ರೆ ಎಲ್ಲರಿಗಿಂತ ಮೊದ್ಲು ಬೂಟು ಹಾಕ್ಕೊಂಡು ಬಂದು ಕೂತಿದ್ದ." ಅಜ್ಜಿ ರವಿಕೆಯ ಮಡಿಕೆಯನ್ನು ಅಂಗೈಯಿಂದ ಸವರಿದಳು. "ರಾತ್ರಿ ನಮ್ಮನ್ನ ಹಾಕೋ ಹಿಂದಿನ ಮೂಲೆ ಕೋಣೆ ಕಿಟಕಿಗೆ ಮೊಳೆ ಹೊಡೆದಿದಾರೆ. ಒಲೆ ಹೊಗೆ ಅಲ್ಲೇ ಸುತ್ತುತ್ತೆ. ನೀನು ಹೋದ್ಮೇಲೆ ಬಾಗಿಲಿಗೆ ಮತ್ತೆ ಹೊರಗಿಂದ ಚಿಲಕ. ಒಂದು ಕಿಡಿ ಸಾಕು. ನಾವು ಸಾಯೋಕೆ ಹೆದರಲ್ಲ ಮಗಳೇ, ಬಟ್ಟೆ ಹೊಲಿದಿಟ್ಟುಕೊಂಡೋರು. ಆದ್ರೆ ಇಲಿ ಥರ ಸಾಯಲ್ಲ. ನೀನು ಮುಚ್ಚು. ಮಿಕ್ಕಿದ್ದು ಹೊರಗೆ ನಿಂತ್ಕೊಂಡು ಮಾತಾಡೋಣ."

ಸ್ಮರಾಂಡಾ ಎದ್ದಳು. ಅಂಗಳಕ್ಕೆ ಬಂದಳು. ನೆಕುಲಾಯ್ ವ್ಯಾನಿಗೆ ಒರಗಿ ಸೂರ್ಯಕಾಂತಿ ಬೀಜ ಒಡೆಯುತ್ತಿದ್ದ.

"ಅಣ್ಣಾ, ಈ ಊರಲ್ಲಿ ಒಲೆ ಇರೋ ಖಾಲಿ ಮನೆ ಯಾವುದಿದೆ? ದೊಡ್ಡದು ಬೇಕು."

ಅವನು ಅವಳ ಮುಖ ನೋಡಿ ಬೀಜ ಜೇಬಿಗೆ ಹಾಕಿಕೊಂಡ. "ಶಾಲೆ. ಮಕ್ಕಳಿಲ್ಲ ಅಂತ ಹೋದ ವರ್ಷ ಮುಚ್ಚಿದ್ರು. ಎರಡು ದೊಡ್ಡ ಕೋಣೆ, ಕೋಣೆಗೊಂದು ಒಲೆ. ಆದ್ರೆ ಅದಕ್ಕೂ ನಿಮ್ಮವರದೇ ಪಟ್ಟಿ, ಆ ಕಾಗದದ ದೇವರು, ಅಂಟಿಕೊಂಡಿದೆ."

ಅವಳು ಊರಿನ ಮೇಯರ್‌ಗೆ ಫೋನು ಮಾಡಿದಳು. ಶಾಲೆ ಜಿಲ್ಲೆಯವರು ಮುಚ್ಚಿದ್ದು, ನಾನೇನು ಮಾಡಲಿ ಅಂತ ಅವನು ಕೈ ಚೆಲ್ಲಿದ. ಅವಳು ಜಿಲ್ಲೆಯ ಮೇಲಧಿಕಾರಿಗೆ ಮಾಡಿದಳು.

"ಸರ್, ಕ್ರಿವೆಷ್ಟಿ ಆಶ್ರಮ ಮುಚ್ತಾ ಇದೀನಿ. ಜೀವಕ್ಕೆ ಅಪಾಯ. ಶಾಲೆ ಬಾಗಿಲು ತೆಗೀಬೇಕು, ತುರ್ತು ಆಶ್ರಯ ಅಂತ. ನಿಮ್ಮ ಅಪ್ಪಣೆ ಬೇಕು."

"ಸ್ಮರಾಂಡಾ, ನಿಮಗೇನಾಯ್ತು ಇವತ್ತು? ಇನ್ನೊಂದು ನೋಟೀಸು ಕೊಟ್ಟು ಬನ್ನಿ. ಅಷ್ಟು ಜನಾನ ಶಾಲೇಲಿ ಇಡೋಕಾಗುತ್ತಾ?"

"ಮೂರು ದಿನಕ್ಕೆ ಕೊಡಿ ಸರ್. ಮುಚ್ಚೋ ಅಧಿಕಾರ ಇರೋರಿಗೆ ತೆಗೆಯೋ ಅಧಿಕಾರವೂ ಇರುತ್ತೆ ಅಂತ ಅದೇ ಕಾನೂನಲ್ಲಿದೆ. ಎರಡು ಪುಟ ಮುಂದೆ."

ಆ ಕಡೆಯಿಂದ ಪುಟ ತಿರುವುವ ಸದ್ದು ಕೇಳಿಸಿತು. ಆಮೇಲೆ ಒಂದು ನಿಟ್ಟುಸಿರು. ಅಪ್ಪಣೆಯ ಕಾಗದ ಫ್ಯಾಕ್ಸಿನಲ್ಲಿ ಪಂಚಾಯಿತಿಗೆ ಬಂತು.

ಒಳಗೆ ಹೋಗಿ ಅವಳು ಮೇಜಿನ ಒಂದು ತುದಿಯಲ್ಲಿ ಕುಳಿತು ವರದಿ ಬರೆಯಲು ಶುರುಮಾಡಿದಳು. ಇಂಥ ವರದಿಯನ್ನು ಕೈಯಲ್ಲೇ ಬರೆಯಬೇಕು, ಎಲ್ಲರ ಎದುರಿಗೆ ಓದಬೇಕು. ಬರೆಯುತ್ತಿದ್ದಂತೆ ಒಬ್ಬೊಬ್ಬರೇ ಬಾಯಿ ಬಿಚ್ಚಿದರು. ಕೈ ಕಟ್ಟುತ್ತಿದ್ದ ಹಗ್ಗ ಯಾವ ಡ್ರಾಯರಿನಲ್ಲಿದೆ, ಬಿಚ್ಚಿಟ್ಟ ಚಿಲಕಗಳು ಯಾವ ಡಬ್ಬಿಯಲ್ಲಿವೆ, ಸಂಜೆ ಆರರ ನಂತರ ನೀರಿನ ನಲ್ಲಿ ಯಾರು ಬಂದ್ ಮಾಡುತ್ತಾರೆ. ಏಳು ಪುಟವಾಯಿತು. ಆದರೆ ಮೊದಲ ಸಾಲು ಅವಳು ಯಾರನ್ನೂ ಕೇಳದೆ ಬರೆದದ್ದು: ನಿವಾಸಿಗಳು ಹನ್ನೊಂದು ಜನರೂ ಜೀವಂತವಾಗಿರುವಾಗಲೇ ಸಾವಿನ ಉಡುಪು ಧರಿಸಿ ಕುಳಿತಿರುವುದು ಕಂಡುಬಂದಿತು. ಇದೂ ಒಂದು ಕಾರಣವೇ ಅಂತ ಆಮೇಲೆ ಕೋರ್ಟಿನಲ್ಲಿ ಕಾರ್ಮೆನ್‌ಳ ವಕೀಲರು ನಕ್ಕರು. ನ್ಯಾಯಾಧೀಶೆ ನಮ್ಮ ಕಡೆಯವಳೇ. ಅವಳು ನಗಲಿಲ್ಲ.

"ನೀವು ಹೀಗೆ ಮಾಡೋ ಹಾಗಿಲ್ಲ," ಅಂದಳು ಕಾರ್ಮೆನ್. ಅವಳ ಕೈಯಲ್ಲಿ ಇನ್ನೂ ಸಾರಿನ ಸೌಟಿತ್ತು. "ನನಗೂ ದೊಡ್ಡವರು ಗೊತ್ತು. ಕೋರ್ಟಿಗೆ ಹೋಗ್ತೀನಿ."

"ಹೋಗಿ. ಅದು ನಿಮ್ಮ ಹಕ್ಕು. ಮೊದ್ಲು ಇಲ್ಲಿ ಸಹಿ ಹಾಕಿ."

ಶಾಲೆ ಇದ್ದದ್ದು ಅದೇ ಬೀದಿಯ ಇನ್ನೊಂದು ತುದಿಯಲ್ಲಿ. ನಡೆಯಲಾಗದ ಇಬ್ಬರನ್ನು ನೆಕುಲಾಯ್ ವ್ಯಾನಿನಲ್ಲಿ ಕೂರಿಸಿದ. ಮಿಕ್ಕವರಿಗಾಗಿ ಇನ್ನೊಂದು ಸಲ ಬರುತ್ತೇನೆ ಅಂದ.

"ನಾವು ನಡೀತೀವಿ," ಅಂದಳು ಅಗ್ಲಾಯಜ್ಜಿ. "ಹೆಂಗೂ ಬೂಟು ಹೊಸದು, ಇವತ್ತಾದ್ರೂ ಸವೆಯಲಿ."

ಎಲ್ಲರೂ ಹೊರಗೆ ಬಂದ ಮೇಲೆ ಸ್ಮರಾಂಡಾ ಬಾಗಿಲು ಎಳೆದು ಹಾಕಿದಳು. ಹಳದಿಯಾದ ಪಟ್ಟಿ ತೆಗೆದು ಗೋಂದು ಬಳಿದಳು. ಅರ್ಧ ಬಾಗಿಲಿಗೆ, ಅರ್ಧ ಚೌಕಟ್ಟಿಗೆ. ಮೇಲೆ ಸಹಿ ಮಾಡಿ ಮೊಹರು ಒತ್ತಿದಳು. ಗವ್ರಿಲ ತಾತ ಹಿಂದೆ ಬಂದು ನಿಂತು, ಪಟ್ಟಿಯ ಕೆಳತುದಿ ಸರಿಯಾಗಿ ಅಂಟಿಲ್ಲ ಅಂತ ಹೆಬ್ಬೆರಳಿನಿಂದ ಒತ್ತಿ ಕೊಟ್ಟ.

ಆಮೇಲೆ ನಡೆದದ್ದನ್ನು ಕ್ರಿವೆಷ್ಟಿಯವರು ಇವತ್ತಿಗೂ ಧ್ವನಿ ತಗ್ಗಿಸಿಯೇ ಹೇಳುತ್ತಾರೆ. ಮಧ್ಯಾಹ್ನ ಮೂರು ಗಂಟೆ, ಒಳ್ಳೆ ಬಿಸಿಲು. ಮುಂದೆ ನಡಿಗೆಯ ವೇಗದಲ್ಲಿ ವ್ಯಾನು. ಅದರ ಹಿಂದೆ ಇಬ್ಬಿಬ್ಬರಾಗಿ, ಒಬ್ಬರ ತೋಳು ಒಬ್ಬರು ಹಿಡಿದು, ಒಂಬತ್ತು ಜನ ಮುದುಕರು. ಶವಯಾತ್ರೆ ಬಂದರೆ ನಮ್ಮಲ್ಲಿ ಗೇಟಿಗೆ ಬಂದು ನಿಲ್ಲುವುದು ವಾಡಿಕೆ. ಮೊದಲ ಮನೆಯ ಹೆಂಗಸು ಬಂದು ನಿಂತಳು. ಬಟ್ಟೆ ನೋಡಿದಳು. ಕೈ ಎದೆಗೆ ಹೋಗಿ ಶಿಲುಬೆಯ ಗುರುತು ಹಾಕಿತು. ಸತ್ತವರ ಉಡುಪಿನಲ್ಲಿ ಬದುಕಿದವರು ನಡೆದು ಹೋಗುತ್ತಿದ್ದರು. ಎರಡನೆಯ ಮನೆಯಲ್ಲಿ ಸೌದೆ ಸೀಳುತ್ತಿದ್ದ ಗಂಡಸು ಕೊಡಲಿ ಕೆಳಗಿಟ್ಟು ಟೋಪಿ ತೆಗೆದ. ಮೂರನೆಯ ಮನೆ, ನಾಲ್ಕನೆಯ ಮನೆ, ಟೋಪಿಗಳು ಒಂದೊಂದಾಗಿ ಇಳಿದವು. ಯಾರೂ ಏನಾಯಿತು ಅಂತ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಎರಡು ವರ್ಷದಿಂದ ಹಸಿರು ಗೇಟಿನ ಮುಂದೆ ದಿನಾ ಓಡಾಡಿದವರು ಅವರು. ಗುಲಾಬಿ ಚೆನ್ನಾಗಿ ಬಿಟ್ಟಿದೆ ಅಂದವರು. ಹಿರಿಯ ಹೆಂಗಸೊಬ್ಬಳು ತಲೆವಸ್ತ್ರದಿಂದ ಮುಖ ಮುಚ್ಚಿಕೊಂಡಳು. ಆಮೇಲೆ, ಶವಯಾತ್ರೆಗೆ ಸೇರುವ ಹಾಗೆಯೇ, ಒಬ್ಬೊಬ್ಬರಾಗಿ ಗೇಟಿನಿಂದ ಇಳಿದು ಹಿಂದೆ ಸೇರಿಕೊಂಡರು. ಶಾಲೆ ಮುಟ್ಟುವಷ್ಟರಲ್ಲಿ ಅರ್ಧ ಊರು ಹಿಂದಿತ್ತು.

ಸ್ಮರಾಂಡಾ ಶಾಲೆಯ ಬಾಗಿಲಿನ ಹಳೆಯ ಪಟ್ಟಿಯನ್ನು ಎಲ್ಲರ ಎದುರಿಗೆ ಕಿತ್ತಳು. ಕಿರ್ರನೆ ಹರಿಯಿತು. ತನ್ನ ಜೀವಮಾನದಲ್ಲಿ ಪಟ್ಟಿ ಹರಿಯುವ ಸದ್ದು ಅವಳು ಕೇಳಿದ್ದು ಅದೇ ಮೊದಲು. ಜನ ಮನೆಗೆ ಓಡಿದರು. ಸಂಜೆಯೊಳಗೆ ಹನ್ನೊಂದು ಮಂಚ, ಲೆಕ್ಕಕ್ಕಿಂತ ಹೆಚ್ಚು ರಜಾಯಿ, ಎರಡು ಒಲೆಗೂ ಸೌದೆ, ಬಿಸಿ ಮಾಮಲಿಗ ಅನ್ನುವ ಮೆಕ್ಕೆಜೋಳದ ಮುದ್ದೆ, ಹುಳಿ ಸಾರು. ನೆಕುಲಾಯ್ ಕಪ್ಪು ಹಲಗೆಯ ಕೆಳಗೆ ಮಂಚ ಜೋಡಿಸುತ್ತ, "ತಾತಾ, ನಾಳೆ ಮಗ್ಗಿ ಒಪ್ಪಿಸಬೇಕು ನೋಡು" ಅಂದ. ಗವ್ರಿಲ ತಾತ, "ನೀನು ಮೊದ್ಲು ಬಟ್ಟಲು ತೊಳಿ, ಆಮೇಲೆ ಮೇಷ್ಟ್ರಾಗು" ಅಂದ. ನಗು ಕೇಳಿ ಸ್ಮರಾಂಡಾ ಕಾರಿಡಾರಿಗೆ ಹೋಗಿ ಗೋಡೆಗೆ ಹಣೆ ಒತ್ತಿ ಅತ್ತಳು. ಆಮೇಲೆ ಒಂದು ಖಾಲಿ ಹಾಳೆ ತೆಗೆದುಕೊಂಡು ಒಳಗೆ ಬಂದು, ಯಾರ ಪಕ್ಕ ಯಾರು ಮಲಗುತ್ತಾರೆ ಅಂತ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡಳು.

ಮೂರು ದಿನ ಅಂದದ್ದು ಹತ್ತು ವಾರವಾಯಿತು. ಆ ಹಾಳೆಯನ್ನು ಹಿಡಿದುಕೊಂಡು ಅವಳು ಹತ್ತಿದ ಕಚೇರಿ ಮೆಟ್ಟಿಲುಗಳನ್ನು ಎಣಿಸಿದವರಿಲ್ಲ. ಕೊನೆಗೆ ಪಕ್ಕದ ಪಟ್ಟಣದ ಸರ್ಕಾರಿ ಆಶ್ರಮದಲ್ಲಿ ಒಂದೇ ಸಾಲಿನ ಕೋಣೆಗಳು ಸಿಕ್ಕವು. ಹನ್ನೊಂದು ಜನರೂ ಒಟ್ಟಿಗೆ ಹೋದರು.

ಹೊರಡುವ ದಿನ ಗವ್ರಿಲ ತಾತ ತಕರಾರು ತೆಗೆದ. "ಎಲ್ಲಾ ಸರಿ. ನನ್ನ ಸೂಟು ಬೆವರಾಯ್ತಲ್ಲ, ಈಗ ನಾನು ಏನು ಉಟ್ಕೊಂಡು ಸಾಯ್ಲಿ?"

ಸ್ಮರಾಂಡಾಳ ಹತ್ತಿರ ಅದಕ್ಕೆ ಉತ್ತರ ಸಿದ್ಧವಿತ್ತು. ಹಳೆಯ ಕಾರ್ಖಾನೆಯ ಗೆಳತಿಯರು ಆರು ಜನ ಟೇಪು ಹಿಡಿದು ಬಂದು ಎಲ್ಲರ ಅಳತೆ ತೆಗೆದುಕೊಂಡರು. ಅಗ್ಲಾಯಜ್ಜಿಯ ರವಿಕೆಯನ್ನು ಸ್ಮರಾಂಡಾ ಹೊಸ ಆಶ್ರಮದಲ್ಲಿ ತಾನೇ ಹೊಲಿಯಲು ಕೂತಳು. ಬಲತೋಳಿನ ಪಟ್ಟಿ ಒಂದು ಬಾಕಿ ಇರುವಾಗ ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿದಳು.

"ಅಷ್ಟಕ್ಕೆ ಬಿಡು. ಅದು ಮುಗಿಯೋವರೆಗೂ ನಾನು ಹೋಗೋ ಹಾಗಿಲ್ಲವಲ್ಲ. ಇಲ್ಲಿ ಬಿಸಿಲು ಚೆನ್ನಾಗಿ ಬರುತ್ತೆ."

ರವಿಕೆ ಸ್ಮರಾಂಡಾಳ ಹೊಲಿಗೆ ಪೆಟ್ಟಿಗೆಯಲ್ಲಿ ಬಲತೋಳಿಗೆ ಪಟ್ಟಿಯಿಲ್ಲದೆ ಹಾಗೇ ಆರು ವರ್ಷ ಇತ್ತು. ಆ ಆರು ವರ್ಷದಲ್ಲಿ ಅವಳು ಇನ್ನೂ ಐದು ಮನೆ ಮುಚ್ಚಿದಳು. ಪ್ರತಿಸಲವೂ ಪಟ್ಟಿಗಿಂತ ಮೊದಲು ಹಾಳೆ ತೆಗೆದು, ಯಾರ ಪಕ್ಕ ಯಾರು ಅಂತ ಬರೆದುಕೊಂಡಳು. ನೋಟೀಸು ಬರೆಯುವ ತಾಳ್ಮೆಯವಳು ಅಂತ ಆಮೇಲೆ ಅವಳನ್ನು ಯಾರೂ ಹೊಗಳಲಿಲ್ಲ.

ಏಳನೆಯ ವರ್ಷದ ಒಂದು ಬೆಳಿಗ್ಗೆ ಆಶ್ರಮದಿಂದ ಫೋನು ಬಂತು. ಅಗ್ಲಾಯಜ್ಜಿಯೇ ಮಾತಾಡಿದಳು, ಉಸಿರು ಎಳೆದೆಳೆದು. "ಮಗಳೇ, ಬಿಡುವಿದ್ರೆ ಆ ತೋಳು ಮುಗಿಸು."

ಸ್ಮರಾಂಡಾ ಪೆಟ್ಟಿಗೆ ಎತ್ತಿಕೊಂಡು ಹೋಗಿ ಅವಳ ಮಂಚದ ಪಕ್ಕ ಕುಳಿತು ಹೊಲಿದಳು. ಅಜ್ಜಿ ಕಣ್ಣು ಬಿಟ್ಟುಕೊಂಡು ಸೂಜಿಯನ್ನೇ ನೋಡುತ್ತಿದ್ದಳು. ಕೊನೆಯ ಹೊಲಿಗೆಗೆ ಬಂದಾಗ, ಹದಿನಾಲ್ಕು ವರ್ಷ ಕಾರ್ಖಾನೆಯಲ್ಲಿ ಪಳಗಿದ ಬೆರಳುಗಳು ತಾವಾಗಿಯೇ ದಾರವನ್ನು ಸುತ್ತಿ ಗಂಟು ಹಾಕಿಬಿಟ್ಟವು. ಅಜ್ಜಿ ಗಂಟನ್ನು ನೋಡಿದಳು. ಸ್ಮರಾಂಡಾಳಿಗೂ ಅದನ್ನು ಹಾಗೇ ಬಿಡುವ ಆಸೆಯಾಯಿತು. ಆಮೇಲೆ ಸೂಜಿಯ ಮೊನೆಯಿಂದ ಗಂಟನ್ನು ಮೆಲ್ಲಗೆ ಬಿಡಿಸಿ, ದಾರ ಕತ್ತರಿಸಿ, ತುದಿಯನ್ನು ಹಾಗೇ ಬಿಟ್ಟು, ತೋಳನ್ನು ಅಜ್ಜಿಯ ಕೈಗೆ ಕೊಟ್ಟಳು.